ಜಲ್ಲಿಕಲ್ಲಿನ ಹಾರಾಟ

ಮಳೆಗಾಲ ಕಳೆದು ಆಕಾಶ ತಿಳಿಯಾಗುತ್ತಲೇ ನಮ್ಮ ನಾಡಿನ ರಸ್ತೆಗಳಲ್ಲಿ ದುರಸ್ತಿಯ ಕೆಲಸ ಮೊದಲಾಗುತ್ತದೆ. ಡಾಂಬರಿನ ಪೀಪಾಯಿಗಳು, ಜಲ್ಲಿಯ ರಾಶಿಗಳು, ಮಂದಗತಿಯಿಂದ ಹಿಂದಕ್ಕೂ ಮುಂದಕ್ಕೂ ಉರುಳುವ ರೋಲರು—ಇವುಗಳ ಪಕ್ಕದಲ್ಲಿ ಹಾದುಹೋಗದ ಪ್ರಯಾಣಿಕನಿಲ್ಲ. ಕೆಲಸಗಾರರು ಮುಂದಿನ ಭಾಗಕ್ಕೆ ತೆರಳಿದ ಮೇಲೂ ರಸ್ತೆಯ ಮೇಲೆ ಸಡಿಲವಾದ ಜಲ್ಲಿ ಉಳಿದಿರುತ್ತದೆ. ಅದರ ಮೇಲೆ ಲಾರಿಯೊಂದು ರಭಸದಿಂದ ಹರಿದೊಡನೆ ‘ಟಣ್’ ಎಂಬ ಸದ್ದು. ಹಿಂದೆ ಬರುತ್ತಿದ್ದ ಕಾರಿನ ಮುಂಗಾಜಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಬಿಳಿಯ ಚುಕ್ಕೆ! ಕಾರಿನ ಒಡೆಯನು ಲಾರಿಯವನನ್ನು ಬೈಯುತ್ತಾನೆ. ಲಾರಿಯವನು ಗುತ್ತಿಗೆದಾರನ ಕಡೆಗೆ ಕೈ ತೋರಿಸುತ್ತಾನೆ. ತಪ್ಪು ಯಾರದೆಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು, ಆ ಕಲ್ಲು ಹಾರಿದುದು ಹೇಗೆ, ಅಷ್ಟು ಸಣ್ಣ ಕಲ್ಲಿನಿಂದ ಅಷ್ಟು ಗಟ್ಟಿಯಾದ ಗಾಜು ಒಡೆದುದು ಹೇಗೆ ಎಂದು ವಿಚಾರಿಸಿದರೆ ಕೆಲವು ಸ್ವಾರಸ್ಯವಾದ ಸಂಗತಿಗಳು ಹೊರಬೀಳುತ್ತವೆ. ಅವುಗಳಲ್ಲಿ ಒಂದನ್ನು ಈಗಲೇ ಹೇಳಿಬಿಡಬಹುದು: ಎಷ್ಟೋ ಸಲ ಕಲ್ಲು ಬಂದು ಕಾರಿಗೆ ಹೊಡೆಯುವುದಿಲ್ಲ; ಕಾರೇ ಹೋಗಿ ಕಲ್ಲಿಗೆ ಹೊಡೆಯುತ್ತದೆ.

ಮೊದಲು ರಸ್ತೆಯ ವಿಷಯ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜಾನ್ ಲೌಡನ್ ಮೆಕಾಡಮ್ ಎಂಬಾತನು ೧೮೧೬ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪ್ರಾಂತದ ರಸ್ತೆಗಳ ಮೇಲ್ವಿಚಾರಕನಾದನು. ರಸ್ತೆಗೆ ದೊಡ್ಡ ದೊಡ್ಡ ಚಪ್ಪಡಿಗಳ ತಳಪಾಯ ಬೇಕಾಗಿಲ್ಲ, ನೀರು ನಿಲ್ಲದ ನೆಲದ ಮೇಲೆ ಮೂಲೆಮೂಲೆಯಾಗಿ ಒಡೆದ ಸಣ್ಣ ಕಲ್ಲುಗಳನ್ನು ಹರಡಿದರೆ ಸಾಕು, ಗಾಡಿಗಳ ಓಡಾಟದಿಂದಲೇ ಅವು ಒಂದರೊಡನೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ ಎಂಬುದು ಅವನ ಮತ. ಕಬ್ಬಿಣದ ಪಟ್ಟಿಯ ಗಾಲಿಗಳ ಕಾಲದಲ್ಲಿ ಈ ರಸ್ತೆ ಚೆನ್ನಾಗಿ ನಡೆಯಿತು. ಗಾಲಿಗಳು ಕಲ್ಲನ್ನು ಅರೆಯುತ್ತಿದ್ದುವು. ಆ ಪುಡಿ ಸಂದುಗಳಲ್ಲಿ ಕೂತು ಗಾರೆಯಂತೆ ಹಿಡಿಯುತ್ತಿತ್ತು. ಆದರೆ ರಬ್ಬರಿನ ಟೈರಿನ ಮೋಟಾರು ಬಂದೊಡನೆ ಲೆಕ್ಕ ತಲೆಕೆಳಗಾಯಿತು. ವೇಗವಾಗಿ ಓಡುವ ಟೈರು ಕಲ್ಲನ್ನು ಅರೆಯುವುದಕ್ಕೆ ಬದಲಾಗಿ ಸಂದಿನ ಪುಡಿಯನ್ನು ಕಿತ್ತು ಗಾಳಿಗೆ ತೂರತೊಡಗಿತು. ಧೂಳಿನ ಕಾಟ ತಡೆಯಲಾರದೆ ೧೯೦೨ರಲ್ಲಿ ಮೊನಾಕೊ ನಗರದಲ್ಲಿ ಗುಲ್ಯೆಲ್ಮಿನೆಟ್ಟಿ ಎಂಬ ಸ್ವಿಸ್ ವೈದ್ಯನು ರಸ್ತೆಯ ಮೇಲೆ ಕಾಸಿದ ಟಾರು ಬಳಿಸಿ ನೋಡಿದನು. ಧೂಳು ಅಡಗಿತು. ಜನರು ಅವನಿಗೆ ‘ಡಾಕ್ಟರ್ ಟಾರು’ ಎಂಬ ಅಡ್ಡಹೆಸರಿಟ್ಟರು. ರಸ್ತೆಯ ರೋಗಕ್ಕೆ ಮದ್ದು ಕೊಟ್ಟ ವೈದ್ಯರು ಹೆಚ್ಚು ಮಂದಿ ಇರಲಾರರು!

ಇಂದು ಹಳೆಯ ರಸ್ತೆಯ ಮೇಲ್ಮೈಯನ್ನು ಕಡಮೆ ವೆಚ್ಚದಲ್ಲಿ ನವೀಕರಿಸುವ ಒಂದು ಕ್ರಮವು ಇದರ ಸಂತತಿಯೇ ಆಗಿದೆ. ರಸ್ತೆಯನ್ನು ಗುಡಿಸಿ, ಬಿಸಿ ಡಾಂಬರನ್ನಾಗಲಿ ನೀರಿನಲ್ಲಿ ಕದಡಿದ ಡಾಂಬರನ್ನಾಗಲಿ ತೆಳ್ಳಗೆ ಸಿಂಪಡಿಸಿ, ಅದು ಆರುವ ಮೊದಲೇ ಒಂದೇ ಅಳತೆಯ ಸಣ್ಣ ಜಲ್ಲಿಯನ್ನು ಒಂದು ಪದರ ಹರಡಿ, ಮೇಲೆ ರೋಲರು ಓಡಿಸುತ್ತಾರೆ. ನ್ಯೂಜಿಲೆಂಡ್ ದೇಶದಲ್ಲಿ ಡಾಂಬರು ಕಂಡ ರಸ್ತೆಗಳ ಬಹುಭಾಗ ಈ ಬಗೆಯವು. ಇದರ ಮರ್ಮವನ್ನು ಲೆಕ್ಕದಿಂದ ಹಿಡಿದವನೂ ಆ ದೇಶದ ಇಂಜಿನಿಯರೇ. ಅವನ ಹೆಸರು ಹ್ಯಾನ್ಸನ್. ಕಾಲ ೧೯೩೫ರ ಸುಮಾರು.

ಹ್ಯಾನ್ಸನ್ ಕಂಡುಕೊಂಡದ್ದು ಇದು. ಲಾರಿಯಿಂದ ಸುರಿದ ಜಲ್ಲಿಯ ಪದರದಲ್ಲಿ ಕಲ್ಲುಗಳು ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಆಗ ಪದರದ ನೂರಕ್ಕೆ ಸುಮಾರು ೫೦ ಪಾಲು ಬರಿಯ ಸಂದು. ರೋಲರು ಹರಿದ ಮೇಲೆ ಕಲ್ಲುಗಳು ಹೊರಳಿ ಹತ್ತಿರ ಸರಿಯುತ್ತವೆ; ಸಂದು ೩೦ ಪಾಲಿಗೆ ಇಳಿಯುತ್ತದೆ. ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಅನಂತರ ವಾಹನಗಳು ಓಡಾಡುತ್ತ ಬಂದಂತೆ ಪ್ರತಿಯೊಂದು ಕಲ್ಲೂ ತನ್ನ ಅಗಲವಾದ ಮೈಯನ್ನು ಕೆಳಕ್ಕೆ ಮಾಡಿ ಮಲಗುತ್ತದೆ; ಸಂದು ೨೦ ಪಾಲಿಗೆ ಬಂದು ನಿಲ್ಲುತ್ತದೆ. ಕೊಳಗದಲ್ಲಿ ಕಡಲೆ ತುಂಬಿ ಅಲುಗಿಸಿದಾಗ ಕಾಳುಗಳು ತಗ್ಗುವುದನ್ನು ನೋಡಿದವರಿಗೆ ಇದು ಆಶ್ಚರ್ಯವೆನಿಸದು. ಕಲ್ಲುಗಳು ಹೀಗೆ ತಗ್ಗಿದಷ್ಟೂ ಕೆಳಗಿನ ಡಾಂಬರು ಸಂದುಗಳಲ್ಲಿ ಮೇಲೇರಿ ಅವುಗಳ ಸೊಂಟವನ್ನು ಹಿಡಿದುಕೊಳ್ಳುತ್ತದೆ.

ಈ ಅಂಕಿಗಳಿಂದ ಹೊರಡುವ ಅರ್ಥವನ್ನು ಸ್ವಲ್ಪ ಗಮನಿಸಬೇಕು. ರಸ್ತೆಯನ್ನು ಕಟ್ಟುವ ಕೆಲಸದ ಕೊನೆಯ ಭಾಗವನ್ನು ಮಾಡುವವರು ಗುತ್ತಿಗೆದಾರರ ಆಳುಗಳಲ್ಲ, ಆ ದಾರಿಯಲ್ಲಿ ಹೋಗುವ ನಾವು. ಹೊಸ ಜಲ್ಲಿಯ ಮೇಲೆ ಮೆಲ್ಲನೆ ಉರುಳುವ ಚಕ್ರವು ಕಲ್ಲನ್ನು ಅದುಮಿ ಕೂರಿಸುತ್ತದೆ. ವೇಗದಿಂದ ಓಡುವ ಚಕ್ರ ಅದೇ ಕಲ್ಲನ್ನು ಕಿತ್ತೆಸೆಯುತ್ತದೆ. ‘ನಿಧಾನವಾಗಿ ಚಲಿಸಿರಿ’ ಎಂಬ ಹಲಗೆಯನ್ನು ಬರಿಯ ಉಪಚಾರದ ಮಾತೆಂದು ಬಗೆಯುವವರು ಹೊಸ ರಸ್ತೆಯನ್ನು ತಮ್ಮ ಕೈಯಾರೆ ಬಿಚ್ಚುತ್ತಾರೆ. ಬ್ರಿಟನ್ನಿನಲ್ಲಿ ಇಂಥ ಕಡೆ ಗಂಟೆಗೆ ೨೦ ಮೈಲಿ, ಎಂದರೆ ೩೨ ಕಿಲೋಮೀಟರ್, ನ್ಯೂಜಿಲೆಂಡಿನಲ್ಲಿ ೩೦ ಕಿಲೋಮೀಟರ್ ವೇಗವನ್ನು ಸೂಚಿಸುವ ವಾಡಿಕೆಯಿದೆ.

ಅಂಟಿಕೊಳ್ಳದ ಕಲ್ಲುಗಳು ಏತಕ್ಕೆ ಉಳಿಯುತ್ತವೆ? ಹರಡುವಾಗ ಎಲ್ಲಿಯೂ ಬೋಳು ಬೀಳದಿರಲೆಂದು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಜಲ್ಲಿ ಹಾಕುತ್ತಾರೆ. ಎರಡನೆಯ ಪದರದ ಕಲ್ಲಿಗೆ ಡಾಂಬರು ಸಿಕ್ಕುವುದೇ ಇಲ್ಲ. ಕಲ್ಲಿನ ಮೈಗೆ ಧೂಳು ಹತ್ತಿದ್ದರೆ ಡಾಂಬರು ಧೂಳಿಗೆ ಅಂಟುವುದೇ ಹೊರತು ಕಲ್ಲಿಗಲ್ಲ. ತೇವವಂತೂ ಇನ್ನೂ ದೊಡ್ಡ ಶತ್ರು. ಸಿಲಿಕಾ ಹೆಚ್ಚಾಗಿರುವ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಹೆಚ್ಚು. ಸಂದು ಸಿಕ್ಕಿದರೆ ನೀರು ನುಸುಳಿ ಡಾಂಬರಿನ ಪೊರೆಯನ್ನು ಎಬ್ಬಿಸಿಬಿಡುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಜಲ್ಲಿಗಾಗಿ ಒಡೆಯುವುದು ಹೆಚ್ಚಾಗಿ ಗ್ರಾನೈಟು ಮತ್ತು ನೈಸ್ ಶಿಲೆಗಳನ್ನು. ಇವು ಸಿಲಿಕಾ ತುಂಬಿದ ಶಿಲೆಗಳು. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯ ಕರಿಯ ಬಸಾಲ್ಟು ಈ ದೃಷ್ಟಿಯಿಂದ ಮೇಲು. ಗ್ರಾನೈಟು ಜಲ್ಲಿಗೆ ಮೊದಲೇ ತೆಳುವಾಗಿ ಡಾಂಬರು ಸವರಿಟ್ಟುಕೊಳ್ಳುವುದು, ಅಂಟು ಹೆಚ್ಚಿಸುವ ರಾಸಾಯನಿಕಗಳನ್ನು ಡಾಂಬರಿಗೆ ಬೆರೆಸುವುದು ಮುಂತಾದ ಉಪಾಯಗಳು ಇವೆ. ಗುಂಡಿ ಮುಚ್ಚುವ ಅವಸರದ ಕೆಲಸದಲ್ಲಿ ಇವುಗಳನ್ನೆಲ್ಲ ಪಾಲಿಸುವವರು ಎಷ್ಟು ಮಂದಿಯೋ!

ಇನ್ನು ಕಲ್ಲು ಹಾರುವ ಬಗೆ. ಇದು ಎರಡು ತೆರನಾಗಿ ಆಗುತ್ತದೆ. ಟೈರಿನ ಅಂಚು ಕಲ್ಲಿನ ಒಂದು ಪಕ್ಕವನ್ನು ಮಾತ್ರ ತುಳಿದಾಗ, ಒದ್ದೆಯಾದ ಹುಣಿಸೆಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಚಿಮ್ಮುವಂತೆ, ಕಲ್ಲು ಪಕ್ಕಕ್ಕೆ ಚಿಮ್ಮುತ್ತದೆ. ದಾರಿಹೋಕರ ಕಾಲಿಗೆ ಬಡಿಯುವವು ಬಹುಮಟ್ಟಿಗೆ ಇವೇ. ಎರಡನೆಯದು, ಟೈರಿನ ಮೈಮೇಲಿನ ಗೀರುಗಳಲ್ಲಿ ಸಿಕ್ಕಿಕೊಂಡ ಕಲ್ಲು ಚಕ್ರದೊಡನೆ ಮೇಲೆದ್ದು ಬಿಡುಗಡೆಯಾಗುವುದು. ಮುಂಗಾಜಿನ ಎತ್ತರಕ್ಕೆ ಏರುವ ಕಲ್ಲುಗಳನ್ನು ತಿಳಿಯಲು ಈ ಎರಡನೆಯದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಉರುಳುವ ಚಕ್ರದ ಎಲ್ಲ ಭಾಗಗಳೂ ಒಂದೇ ವೇಗದಿಂದ ಮುಂದೆ ಹೋಗುವುದಿಲ್ಲ. ಓಡುತ್ತಿರುವ ಸೈಕಲ್ಲಿನ ಛಾಯಾಚಿತ್ರ ತೆಗೆದರೆ ಚಕ್ರದ ಕೆಳಗಿನ ಕಡ್ಡಿಗಳು ಸ್ಪಷ್ಟವಾಗಿಯೂ ಮೇಲಿನ ಕಡ್ಡಿಗಳು ಮಸುಕಾಗಿಯೂ ಕಾಣುತ್ತವೆ. ನೆಲವನ್ನು ಮುಟ್ಟಿರುವ ಬಿಂದು ಆ ಕ್ಷಣದಲ್ಲಿ ನಿಶ್ಚಲವಾಗಿರುತ್ತದೆ. ತುತ್ತತುದಿಯ ಬಿಂದು ಗಾಡಿಯ ವೇಗದ ಎರಡರಷ್ಟು ವೇಗದಿಂದ ಮುಂದೋಡುತ್ತಿರುತ್ತದೆ. ಹೀಗೆ ಚಕ್ರದ ಅಂಚಿನ ಬಿಂದುವೊಂದು ಬರೆಯುವ ಕಮಾನಿನಂಥ ರೇಖೆಗೆ ಸೈಕ್ಲಾಯ್ಡ್ ಎಂದು ಹೆಸರು. ಆ ರೇಖೆ ನೆಲದಿಂದ ಹೊರಡುವಾಗ ನೆಟ್ಟಗೆ ಮೇಲಕ್ಕೆ ಏಳುತ್ತದೆ ಎಂಬುದೇ ನಮ್ಮ ಸಮಸ್ಯೆಯ ಕೀಲಿ. ಟೈರು ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಗೀರಿನಿಂದ ಕಳಚಿದ ಕಲ್ಲು, ಹಿಂದಿನ ಕಾರಿನ ಕಡೆಗೆ ಹಾರುವುದಿಲ್ಲ. ಹೆಚ್ಚುಕಡಮೆ ನೆಟ್ಟಗೆ ಮೇಲಕ್ಕೆ, ಸ್ವಲ್ಪ ಮುಂದಕ್ಕೇ ವಾಲಿ, ಏರುತ್ತದೆ.

ಉದಾಹರಣೆಗೆ ಒಂದು ಲೆಕ್ಕ. ಲಾರಿಯ ವೇಗ ಗಂಟೆಗೆ ೭೨ ಕಿಲೋಮೀಟರ್, ಎಂದರೆ ಸೆಕೆಂಡಿಗೆ ೨೦ ಮೀಟರ್ ಇರಲಿ. ನೆಲ ಬಿಟ್ಟ ಮೇಲೆ ಚಕ್ರ ೩೦ ಡಿಗ್ರಿಯಷ್ಟು ತಿರುಗಿದಾಗ ಕಲ್ಲು ಕಳಚಿತೆನ್ನೋಣ. ತ್ರಿಕೋಣಮಿತಿ ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿಕೊಳ್ಳಬಹುದು: ಕಲ್ಲಿನ ಮೇಲ್ಮುಖ ವೇಗ ಸೆಕೆಂಡಿಗೆ ೧೦ ಮೀಟರ್, ಮುಮ್ಮುಖ ವೇಗ ಸುಮಾರು ೨.೭ ಮೀಟರ್. ಗಾಳಿಯ ತಡೆಯನ್ನು ಬಿಟ್ಟರೆ ಅದು ೫ ಮೀಟರಿಗೂ ತುಸು ಹೆಚ್ಚು ಎತ್ತರಕ್ಕೆ ಏರಿ, ಸುಮಾರು ೨ ಸೆಕೆಂಡು ಆಕಾಶದಲ್ಲಿದ್ದು ಕೆಳಗೆ ಬೀಳುತ್ತದೆ. ಅಷ್ಟರಲ್ಲಿ ಲಾರಿ ತನ್ನ ದಾರಿ ಹಿಡಿದು ಹೋಗಿರುತ್ತದೆ. ಅದೇ ವೇಗದಿಂದ ಹಿಂದೆ ಬರುತ್ತಿರುವ ಕಾರು ೪೦ ಮೀಟರ್ ಮುಂದೆ ಬಂದಿರುತ್ತದೆ. ತೂಗುಹಾಕಿದಂತೆ ನಿಂತಿರುವ ಕಲ್ಲಿಗೆ ಕಾರು ಹೋಗಿ ಗುದ್ದುತ್ತದೆ, ಗಂಟೆಗೆ ಸುಮಾರು ೬೨ ಕಿಲೋಮೀಟರ್ ವೇಗದಿಂದ. ಎದುರಿನಿಂದ ಬಂದ ಲಾರಿಯಾಗಿದ್ದರೆ ಕಲ್ಲಿನ ಮುಮ್ಮುಖ ವೇಗವೂ ಕಾರಿನ ವೇಗಕ್ಕೆ ಕೂಡುವುದರಿಂದ ಗುದ್ದು ೮೨ ಕಿಲೋಮೀಟರ್ ವೇಗದ್ದಾಗುತ್ತದೆ.

ಈಗ ಅದೇ ಲೆಕ್ಕವನ್ನು ಗಂಟೆಗೆ ೩೦ ಕಿಲೋಮೀಟರ್ ವೇಗಕ್ಕೆ ಮಾಡಿ ನೋಡಿರಿ. ಮೇಲ್ಮುಖ ವೇಗ ಸೆಕೆಂಡಿಗೆ ೪.೨ ಮೀಟರಿಗೆ ಇಳಿಯುತ್ತದೆ. ಕಲ್ಲು ಏರುವ ಎತ್ತರ ೯೦ ಸೆಂಟಿಮೀಟರನ್ನು ಮೀರುವುದಿಲ್ಲ. ಸಾಮಾನ್ಯ ಕಾರಿನ ಮುಂಗಾಜಿನ ಕೆಳಗಿನ ಅಂಚು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ಎಂದರೆ ಆ ಕಲ್ಲು ಗಾಜನ್ನು ಮುಟ್ಟುವುದೇ ಇಲ್ಲ! ಬಿಡುಗಡೆಯ ಕೋನ ಬೇರೆಯಾದರೆ ಅಂಕಿಗಳೂ ಬೇರೆಯಾಗುತ್ತವೆ, ನಿಜ. ಆದರೆ ಕೋನ ಯಾವುದೇ ಇರಲಿ, ವೇಗ ಅರ್ಧವಾದರೆ ಎತ್ತರ ಕಾಲುಭಾಗವಾಗುತ್ತದೆ ಎಂಬ ನಿಯಮ ತಪ್ಪುವುದಿಲ್ಲ. ಅಂತರದ ಲೆಕ್ಕವೂ ಹಾಗೆಯೇ. ೭೨ ಕಿಲೋಮೀಟರ್ ವೇಗದಲ್ಲಿ ಲಾರಿಯಿಂದ ೩೫ ಮೀಟರ್ ಹಿಂದಿದ್ದವನಿಗೂ ಆ ಕಲ್ಲು ಗಾಳಿಯಲ್ಲಿಯೇ ಸಿಕ್ಕುತ್ತದೆ. ೩೦ ಕಿಲೋಮೀಟರಿನಲ್ಲಿ ೬ ಮೀಟರ್ ಹಿಂದಿದ್ದರೆ ಅದು ಅಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತದೆ. ಲಾರಿಗಳ ಹಿಂಬದಿಯ ಜೋಡಿ ಚಕ್ರಗಳ ನಡುವೆ ಮುಷ್ಟಿಯಷ್ಟು ದೊಡ್ಡ ಕಲ್ಲು ಸಿಕ್ಕಿಕೊಳ್ಳುವುದೂ ಉಂಟು. ಅದು ಕಳಚಿದಾಗ ಒದಗುವ ಅನರ್ಥ ಗಾಜಿನ ಮಾತಿಗೆ ನಿಲ್ಲುವುದಿಲ್ಲ. ಎಚ್ಚರವುಳ್ಳ ಚಾಲಕರು ಜಲ್ಲಿಯ ರಸ್ತೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಜೋಡಿ ಚಕ್ರಗಳ ಸಂದನ್ನು ಇಣುಕಿ ನೋಡುತ್ತಾರೆ.

ಹತ್ತು ಮಿಲಿಮೀಟರ್ ಗಾತ್ರದ ಜಲ್ಲಿಯ ತೂಕ ಒಂದೂವರೆ ಗ್ರಾಮನ್ನೂ ಮುಟ್ಟದು. ಮೇಲೆ ಹೇಳಿದ ೬೨ ಕಿಲೋಮೀಟರಿನ ಗುದ್ದಿನಲ್ಲಿ ಅದರ ಚಲನಶಕ್ತಿ ೦.೨ ಜೂಲ್ ಮಾತ್ರ. ನೂರು ಗ್ರಾಂ ಬಟ್ಟೊಂದು ಒಂದು ಗೇಣು ಎತ್ತರದಿಂದ ಬಿದ್ದರೆ ಇಷ್ಟೇ ಶಕ್ತಿ. ಇದರಿಂದ ಗಾಜು ಒಡೆಯಬೇಕೇಕೆ? ಉತ್ತರ ಶಕ್ತಿಯಲ್ಲಿಲ್ಲ, ಅದು ಬೀಳುವ ಜಾಗದಲ್ಲಿಯೂ ಹೊತ್ತಿನಲ್ಲಿಯೂ ಇದೆ. ಗಟ್ಟಿಯಾದ ಎರಡು ವಸ್ತುಗಳು ಸಂಧಿಸುವಾಗ ಮುಟ್ಟುವ ಜಾಗ ಚುಕ್ಕೆಯಷ್ಟು. ಸಂಧಿಸುವ ಕಾಲ ಸೆಕೆಂಡಿನ ಹತ್ತುಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ. ಅಷ್ಟರಲ್ಲಿ ಕಲ್ಲಿನ ವೇಗವೆಲ್ಲ ಇಲ್ಲವಾಗಬೇಕಾದರೆ ಬಲವು ಸಾವಿರ ನ್ಯೂಟನ್ನನ್ನು ಮೀರುತ್ತದೆಂದು ಸ್ಥೂಲ ಲೆಕ್ಕದಿಂದ ತಿಳಿಯುತ್ತದೆ. ಒಂದು ಕ್ವಿಂಟಲ್ ಮೂಟೆಯ ಭಾರವನ್ನು ಮೊಳೆಯ ತುದಿಯ ಮೇಲೆ ಕ್ಷಣಮಾತ್ರ ಹೊರಿಸಿದಂತೆ! ಇನ್ನು ಕಲ್ಲು ೨೦ ಮಿಲಿಮೀಟರಿನದಾದರೆ ತೂಕ ಎಂಟು ಪಟ್ಟು, ಶಕ್ತಿಯೂ ಎಂಟು ಪಟ್ಟು. ಕಾರಿನ ವೇಗ ೩೦ರಿಂದ ೧೦೦ಕ್ಕೆ ಏರಿದರೆ ಶಕ್ತಿ ೧೧ ಪಟ್ಟು.

ಗಟ್ಟಿಯಾದ ಗೋಲಗಳು ಒಂದನ್ನೊಂದು ಒತ್ತಿದಾಗ ಏನಾಗುತ್ತದೆಂಬ ಗಣಿತವನ್ನು ೧೮೮೧ರಲ್ಲಿ ಕೊಟ್ಟವನು ಹೈನ್ರಿಕ್ ಹರ್ಟ್ಸ್. ರೇಡಿಯೋ ಅಲೆಗಳನ್ನು ಪ್ರಯೋಗದಿಂದ ತೋರಿಸಿ ಮುಂದೆ ಜಗತ್ಪ್ರಸಿದ್ಧನಾದ ಹರ್ಟ್ಸ್ ಇವನೇ. ಗಾಜು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲವನ್ನು ತಾಳಲಾರದು. ಕಲ್ಲು ಒತ್ತಿದ ಚುಕ್ಕೆಯ ಸುತ್ತ ಉಂಗುರದಾಕಾರದಲ್ಲಿ ಎಳೆತ ಉಂಟಾಗಿ ಅಲ್ಲಿಂದ ಬಿರುಕು ಹೊರಡುತ್ತದೆ. ಒಳಕ್ಕೆ ಇಳಿಯುತ್ತ ಹೂಜಿಯ ಅಡಿಯಂತೆ ಅಗಲವಾಗುತ್ತದೆ. ಮುಂಗಾಜಿನ ಮೇಲಿನ ಬಿಳಿಯ ಚುಕ್ಕೆ ಎಂದರೆ ಇದೇ. ಬಿರುಕಿನೊಳಗೆ ಗಾಳಿ ಸೇರಿ ಬೆಳಕನ್ನು ಪ್ರತಿಫಲಿಸುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಗಾಜು ತನ್ನ ಲೆಕ್ಕದ ಬಲಕ್ಕಿಂತ ಎಷ್ಟೋ ಕಡಮೆ ಬಲಕ್ಕೆ ಒಡೆಯುವುದೇಕೆಂಬುದನ್ನು ೧೯೨೦ರಲ್ಲಿ ಗ್ರಿಫಿತ್ ಎಂಬ ಇಂಗ್ಲಿಷ್ ಇಂಜಿನಿಯರು ವಿವರಿಸಿದನು: ಕಣ್ಣಿಗೆ ಕಾಣದ ಗೀರುಗಳ ತುದಿಯಲ್ಲಿ ಎಳೆತವೆಲ್ಲ ಒಟ್ಟುಗೂಡುತ್ತದೆ. ವರ್ಷಗಟ್ಟಲೆ ಧೂಳು ಒರಸಿಸಿಕೊಂಡ ಹಳೆಯ ಮುಂಗಾಜಿನಲ್ಲಿ ಅಂಥ ಗೀರುಗಳಿಗೆ ಬರವಿಲ್ಲ.

ಇಷ್ಟಾದರೂ ಮುಂಗಾಜು ಚೂರುಚೂರಾಗಿ ಚಾಲಕನ ಮುಖಕ್ಕೆ ಸಿಡಿಯುವುದಿಲ್ಲ. ಇದಕ್ಕೆ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸನಿಗೆ ವಂದನೆ ಸಲ್ಲಬೇಕು. ೧೯೦೩ರಲ್ಲಿ ಅವನ ಪ್ರಯೋಗಶಾಲೆಯ ಗಾಜಿನ ಬುದ್ದಲಿಯೊಂದು ಎತ್ತರದಿಂದ ಕೆಳಗೆ ಬಿದ್ದಿತು. ಬಿರುಕು ಬಿಟ್ಟಿತೇ ಹೊರತು ಚೆದುರಲಿಲ್ಲ. ಹಿಂದೆ ಅದರಲ್ಲಿದ್ದ ಸೆಲ್ಯುಲೋಸ್ ನೈಟ್ರೇಟಿನ ದ್ರಾವಣ ಒಣಗಿ ಒಳಮೈಗೆ ಪೊರೆ ಕಟ್ಟಿತ್ತು. ಎರಡು ಗಾಜುಗಳ ನಡುವೆ ಅಂಥ ಪೊರೆಯನ್ನಿಟ್ಟು ಅಂಟಿಸುವ ಕ್ರಮಕ್ಕೆ ಅವನು ೧೯೦೯ರಲ್ಲಿ ಪೇಟೆಂಟು ಪಡೆದನು. ಇಂದಿನ ಮುಂಗಾಜಿನಲ್ಲಿಯೂ ತೆಳುವಾದ ಎರಡು ಗಾಜುಗಳ ನಡುವೆ ಮುಕ್ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪೊರೆಯಿರುತ್ತದೆ. ಜಲ್ಲಿಕಲ್ಲಿನ ಪೆಟ್ಟು ಸಾಮಾನ್ಯವಾಗಿ ಹೊರಗಿನ ಗಾಜಿನಲ್ಲಿಯೇ ಮುಗಿಯುತ್ತದೆ. ಪಕ್ಕದ ಕಿಟಕಿಗಳದು ಸಾಮಾನ್ಯವಾಗಿ ಹದಗೊಳಿಸಿದ ಬೇರೆ ಬಗೆಯ ಗಾಜು. ಅದು ಒಡೆದರೆ ಕಲ್ಲುಸಕ್ಕರೆಯಂಥ ಹರಳುಗಳಾಗಿ ಉದುರುತ್ತದೆ.

ಚುಕ್ಕೆ ಬಿದ್ದ ದಿನ ಅಲಕ್ಷ್ಯ ಮಾಡಿದವರು ಕೆಲವು ವಾರಗಳ ಮೇಲೆ ಗಾಜಿನುದ್ದಕ್ಕೂ ಗೆರೆ ಓಡಿರುವುದನ್ನು ಕಂಡು ಬೆರಗಾಗುತ್ತಾರೆ. ಮತ್ತೊಂದು ಕಲ್ಲು ಬಿದ್ದಿಲ್ಲ, ಯಾರೂ ಮುಟ್ಟಿಲ್ಲ! ಇಲ್ಲಿಯೂ ಅಪರಾಧಿ ನೀರೇ. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕಿರುವ ಸಿಲಿಕಾನ್–ಆಕ್ಸಿಜನ್ ಬಂಧಗಳನ್ನು ನೀರಿನ ಅಣುಗಳು ಒಂದೊಂದಾಗಿ ಕತ್ತರಿಸುತ್ತವೆ. ಗಾಳಿಯ ತೇವ ಹೆಚ್ಚಿದಂತೆ ಬಿರುಕಿನ ಓಟವೂ ಹೆಚ್ಚುವುದನ್ನು ಅಮೆರಿಕದ ವೀಡರ್‌ಹಾರ್ನ್ ೧೯೬೭ರಲ್ಲಿ ಅಳೆದು ತೋರಿಸಿದನು. ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚಿದರೆ, ಇಲ್ಲವೆ ಒಳಗಿನ ಶೀತಕದ ಗಾಳಿಯನ್ನು ಒಮ್ಮೆಲೇ ಅದರ ಮೇಲೆ ಬಿಟ್ಟರೆ ಎಳೆತ ಹೆಚ್ಚಿ ಬಿರುಕು ಇನ್ನೂ ಬೇಗ ಓಡುತ್ತದೆ. ಆದುದರಿಂದ ಚುಕ್ಕೆ ಬಿದ್ದ ಕೂಡಲೆ ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿ ತೇವವನ್ನೂ ಕೊಳೆಯನ್ನೂ ದೂರವಿಟ್ಟು, ಆದಷ್ಟು ಬೇಗ ರಾಳ ತುಂಬಿಸುವುದು ಜಾಣತನ. ಆ ರಾಳದ ವಕ್ರೀಭವನಾಂಕ ಗಾಜಿನದಕ್ಕೆ, ಎಂದರೆ ಸುಮಾರು ೧.೫ಕ್ಕೆ, ಹೊಂದುವಂತಿರುವುದರಿಂದ ಚುಕ್ಕೆ ಬಹುಮಟ್ಟಿಗೆ ಮಾಯವಾಗುತ್ತದೆ.

ಕಾರಿನ ಬಣ್ಣಕ್ಕಾಗುವ ಹಾನಿ ಮೇಲ್ನೋಟಕ್ಕೆ ಅಲ್ಪ. ಕಾರಿನ ಮೇಲಿನ ಬಣ್ಣದ ಪದರಗಳೆಲ್ಲ ಸೇರಿ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಕಲ್ಲು ತಗಲಿ ಉಕ್ಕು ಹೊರಬಿದ್ದಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಬಣ್ಣವನ್ನು ಎತ್ತುತ್ತ ಒಳಗೊಳಗೇ ಹರಡುತ್ತದೆ. ಉಪ್ಪುಗಾಳಿಯ ಕಾರವಾರ, ಮಂಗಳೂರುಗಳಲ್ಲಿ ಇದರ ವೇಗ ಹೆಚ್ಚು.

ಇದುವರೆಗೆ ಕಾರಿನ ಮಾತಾಯಿತು. ಕಾರಿನವನು ಕಳೆದುಕೊಳ್ಳುವುದು ಹಣವನ್ನು; ಅದೇ ಜಲ್ಲಿಯ ಮೇಲೆ ಬೈಕು, ಸ್ಕೂಟರುಗಳಲ್ಲಿ ಬರುವವನು ಪ್ರಾಣವನ್ನೇ ಕಳೆದುಕೊಳ್ಳಬಹುದು. ಗಟ್ಟಿಯಾದ ನೆಲದ ಮೇಲೆ ಚೆಲ್ಲಿದ ಸಣ್ಣ ಕಲ್ಲುಗಳು ಟೈರಿನ ಕೆಳಗೆ ಬೇರಿಂಗಿನ ಗುಂಡುಗಳಂತೆ ಉರುಳುತ್ತವೆ. ಮೂವತ್ತು ಮೀಟರ್ ತ್ರಿಜ್ಯದ ತಿರುವೊಂದನ್ನು ತೆಗೆದುಕೊಳ್ಳಿ. ಘರ್ಷಣಾಂಕ ೦.೭ ಇದ್ದರೆ ಗಂಟೆಗೆ ಸುಮಾರು ೫೨ ಕಿಲೋಮೀಟರ್ ವೇಗದವರೆಗೆ ಚಕ್ರ ಜಾರದು. ಜಲ್ಲಿಯಿಂದ ಅದು ಅರ್ಧಕ್ಕಿಳಿದರೆ ೩೬ ಕಿಲೋಮೀಟರಿಗೇ ಜಾರುತ್ತದೆ. ದಿನವೂ ೪೫ರಲ್ಲಿ ಅದೇ ತಿರುವನ್ನು ನಿರಾತಂಕವಾಗಿ ದಾಟುತ್ತಿದ್ದ ಯುವಕನು, ನಿನ್ನೆ ಗುಂಡಿ ಮುಚ್ಚಿದ ಜಾಗದಲ್ಲಿ ಇಂದು ಬೀಳುತ್ತಾನೆ. ಅವನು ವೇಗ ಹೆಚ್ಚಿಸಲಿಲ್ಲ, ರಸ್ತೆಯೇ ಬೇರೆಯಾಗಿದೆ. ಜಲ್ಲಿಯ ಮೇಲೆ ಏರಿದ ಮೇಲೆ ಬ್ರೇಕನ್ನು ಬಿಗಿಯಾಗಿ ಹಿಡಿಯುವುದಾಗಲಿ ಹ್ಯಾಂಡಲನ್ನು ಥಟ್ಟನೆ ಹೊರಳಿಸುವುದಾಗಲಿ ಉಳಿದ ಹಿಡಿತವನ್ನೂ ಕಳೆಯುತ್ತದೆ. ವೇಗವನ್ನು ಇಳಿಸತಕ್ಕದ್ದು ಅದಕ್ಕೆ ಮೊದಲು, ಗಟ್ಟಿ ನೆಲದ ಮೇಲಿರುವಾಗ.

ಕ್ರಮವಾಗಿ ನಡೆಯುವ ಕೆಲಸದಲ್ಲಿ ರೋಲರು ಹೋದ ಮೇಲೆ ಗುಡಿಸುವ ಯಂತ್ರ ಬರುತ್ತದೆ. ಕೆಲವು ದಿನ ವಾಹನಗಳು ಓಡಾಡಿದ ಮೇಲೆ ಮತ್ತೆ ಬಂದು, ಹೊಸದಾಗಿ ಸಡಿಲಾದ ಕಲ್ಲುಗಳನ್ನು ಹೀರಿಕೊಂಡು ಹೋಗುತ್ತದೆ. ನಮ್ಮಲ್ಲಿ ಗುಂಡಿ ಮುಚ್ಚುವವರು ರೋಲರನ್ನೂ ಡಾಂಬರಿನ ಒಲೆಯನ್ನೂ ತರುತ್ತಾರೆ. ಬರಲು (ಎಂದರೆ ಕಸಬರಿಗೆ) ಮಾತ್ರ ಮರೆತು ಬರುತ್ತಾರೆ. ಈ ಕೆಲಸದ ಸಲಕರಣೆಗಳಲ್ಲೆಲ್ಲ ಅತ್ಯಂತ ಅಗ್ಗವಾದುದು ಅದೇ. ತಿರುವಿನ ಹೊರಅಂಚಿನಲ್ಲಿಯೂ ರಸ್ತೆಯ ನಡುಗೆರೆಯ ಉದ್ದಕ್ಕೂ ಜಲ್ಲಿ ಗುಡ್ಡೆಗಟ್ಟುವುದನ್ನು ಎಲ್ಲರೂ ನೋಡಿರಬಹುದು. ಕಾರಿನ ಚಕ್ರಗಳು ಓಡುವ ಎರಡು ಪಟ್ಟಿಗಳಿಂದ ಚಿಮ್ಮಿದ ಕಲ್ಲುಗಳು ಚಕ್ರ ತುಳಿಯದ ಈ ಜಾಗಗಳಲ್ಲಿ ಬಂದು ಸೇರುತ್ತವೆ. ಮುಂದಿನ ವಾಹನವನ್ನು ಹಿಂದೆ ಹಾಕಲು ಪಕ್ಕಕ್ಕೆ ಸರಿಯುವವನ ಚಕ್ರ ಹೋಗಿ ಏರುವುದು ನೇರವಾಗಿ ಈ ಗುಡ್ಡೆಯ ಮೇಲೆ. ಜಲ್ಲಿ ಇರುವಷ್ಟು ದೂರ ಇನ್ನೊಬ್ಬರನ್ನು ದಾಟಲು ಹೋಗಬಾರದೆಂಬ ನಿಯಮ ಹುಟ್ಟಿದುದು ಇದರಿಂದಲೇ.